ಹದಿಹರೆಯದ ಹುಡುಗರಲ್ಲಿ ಸ್ತನದ ಬೆಳವಣಿಗೆ: ವೈದ್ಯರನ್ನು ಕಾಣುವುದು ಯಾವಾಗ?

ಮೀಸೆ ಚಿಗುರುವ, ಧ್ವನಿ ಒಡೆಯುವ ವಯಸ್ಸಿನಲ್ಲಿ ಅನೇಕ ಹುಡುಗರಿಗೆ ಮೊಲೆತೊಟ್ಟಿನ ಕೆಳಗೆ ಸಣ್ಣ ಗಂಟೊಂದು ಕೈಗೆ ಸಿಗುತ್ತದೆ. ಮುಟ್ಟಿದರೆ ನೋವು, ಅಂಗಿ ಉಜ್ಜಿದರೂ ಉರಿ. ಕೆಲವರಲ್ಲಿ ಎದೆಯ ಒಂದು ಬದಿ ಅಥವಾ ಎರಡೂ ಬದಿ ಉಬ್ಬಿದಂತೆ ಕಾಣುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ‘ಗೈನಕೊಮಾಸ್ಟಿಯಾ’ ಎಂದು ಹೆಸರು. ಹುಡುಗ ನಾಚಿಕೆಯಿಂದ ಮನೆಯವರಿಗೂ ಹೇಳದೆ ಒಳಗೊಳಗೇ ಕೊರಗುತ್ತಾನೆ. ಬಹುಪಾಲು ಹುಡುಗರಲ್ಲಿ ಇದು ತಾನಾಗಿಯೇ ಮಾಯವಾಗುವ ಸಹಜ ಬದಲಾವಣೆ. ಆದರೆ ಕೆಲವು ಲಕ್ಷಣಗಳು ಕಂಡಾಗ ಕಾಯುವಂತಿಲ್ಲ.

ಕಾರಣವೇನು?

ಗಂಡಿನ ದೇಹದಲ್ಲಿಯೂ ಸ್ತ್ರೀ ಹಾರ್ಮೋನಾದ ಈಸ್ಟ್ರೋಜೆನ್ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಪುರುಷ ಹಾರ್ಮೋನಾದ ಟೆಸ್ಟೋಸ್ಟಿರೋನ್‌ನ ಒಂದಂಶವನ್ನು ಅರೋಮಟೇಸ್ ಎಂಬ ಕಿಣ್ವವು ಈಸ್ಟ್ರೋಜೆನ್ ಆಗಿ ಮಾರ್ಪಡಿಸುತ್ತದೆ. ಪ್ರೌಢಾವಸ್ಥೆಯ ಆರಂಭದಲ್ಲಿ ಇವೆರಡರ ಸಮತೋಲನ ಕೆಲಕಾಲ ತಪ್ಪುವುದರಿಂದ ಸ್ತನದ ಗ್ರಂಥಿ ಬೆಳೆಯುತ್ತದೆ. ಹುಡುಗರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಯಾವುದಾದರೊಂದು ಪ್ರಮಾಣದಲ್ಲಿ ಹೀಗಾಗುತ್ತದೆ. 13-14ನೆಯ ವಯಸ್ಸಿನಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷಗಳೊಳಗೆ ಗಂಟು ಕರಗುತ್ತದೆ.

ಗ್ರಂಥಿಯೋ, ಕೊಬ್ಬೋ?

ಸ್ಥೂಲಕಾಯದ ಹುಡುಗರಲ್ಲಿ ಎದೆಯ ಉಬ್ಬು ಕೇವಲ ಕೊಬ್ಬಿನದಾಗಿರಬಹುದು. ವೈದ್ಯರು ಹುಡುಗನನ್ನು ಅಂಗಾತ ಮಲಗಿಸಿ, ಹೆಬ್ಬೆರಳು ಮತ್ತು ತೋರುಬೆರಳಿನಿಂದ ತೊಟ್ಟಿನ ಸುತ್ತ ಒತ್ತಿ ನೋಡುತ್ತಾರೆ. ಗ್ರಂಥಿ ಬೆಳೆದಿದ್ದರೆ ತೊಟ್ಟಿನ ನೇರ ಕೆಳಗೆ ಬಿಲ್ಲೆಯಂತಹ ಗಟ್ಟಿ ಭಾಗ ಸಿಗುತ್ತದೆ. ಕೊಬ್ಬಾದರೆ ಎಲ್ಲೆಡೆ ಮೆತ್ತಗೆ ಇರುತ್ತದೆ. ತೂಕ ಇಳಿಸಿದರೆ ಕೊಬ್ಬು ಕರಗುತ್ತದೆ. ಗ್ರಂಥಿ ವ್ಯಾಯಾಮದಿಂದ ಕರಗದು. ಎರಡೂ ಒಟ್ಟಿಗೆ ಇರುವುದೂ ಉಂಟು.

ತಡಮಾಡಬಾರದ ಲಕ್ಷಣಗಳು

ಈ ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ವೈದ್ಯರ ತಪಾಸಣೆ ಅಗತ್ಯ:

- ಪ್ರೌಢಾವಸ್ಥೆಯ ಇತರ ಯಾವ ಲಕ್ಷಣವೂ ಇಲ್ಲದೆ ಎಳೆಯ ವಯಸ್ಸಿನಲ್ಲಿಯೇ ಸ್ತನ ಬೆಳೆಯುವುದು.
- ವೃಷಣದಲ್ಲಿ ಗಂಟು ಅಥವಾ ಊತ. ಇಲ್ಲವೇ ವಯಸ್ಸಿಗೆ ತಕ್ಕಂತೆ ಬೆಳೆಯದ ಸಣ್ಣ, ಗಟ್ಟಿ ವೃಷಣಗಳು.
- ಗಂಟು ಕಲ್ಲಿನಂತೆ ಗಟ್ಟಿಯಾಗಿರುವುದು, ತೊಟ್ಟಿನಿಂದ ಬದಿಗೆ ಸರಿದಿರುವುದು, ವೇಗವಾಗಿ ಬೆಳೆಯುವುದು.
- ತೊಟ್ಟಿನಿಂದ ರಕ್ತ ಅಥವಾ ದ್ರವ ಒಸರುವುದು, ಚರ್ಮ ಒಳಕ್ಕೆ ಸೆಳೆದುಕೊಳ್ಳುವುದು, ಕಂಕುಳಲ್ಲಿ ಗಂಟು.
- ಬಿಡದ ತಲೆನೋವು, ದೃಷ್ಟಿ ಮಂಜಾಗುವುದು.
- ಎರಡು ವರ್ಷ ಕಳೆದರೂ ಅಥವಾ 17 ವರ್ಷ ದಾಟಿದರೂ ಕಡಿಮೆಯಾಗದಿರುವುದು.

ಇವುಗಳ ಹಿಂದೆ ವೃಷಣದ ಗೆಡ್ಡೆ, ಒಂದು ಎಕ್ಸ್ ವರ್ಣತಂತು ಹೆಚ್ಚಾಗಿರುವ ಕ್ಲೈನ್‌ಫೆಲ್ಟರ್ ಸಿಂಡ್ರೋಮ್, ಥೈರಾಯ್ಡ್‌ನ ಅತಿಚಟುವಟಿಕೆ, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆ ಅಡಗಿರಬಹುದು. ಇವು ವಿರಳ. ಈ ವಯಸ್ಸಿನಲ್ಲಿ ಸ್ತನದ ಕ್ಯಾನ್ಸರ್ ಇನ್ನೂ ವಿರಳ. ಆದರೂ ತಪಾಸಣೆಯಲ್ಲಿ ವೃಷಣ ಪರೀಕ್ಷೆಯನ್ನು ಸಂಕೋಚದಿಂದ ಬಿಡುವಂತಿಲ್ಲ. ಅನುಮಾನವಿದ್ದಾಗ ಮಾತ್ರ ಹಾರ್ಮೋನುಗಳ ರಕ್ತಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬೇಕಾಗುತ್ತದೆ.

ಔಷಧಗಳ ಪಾತ್ರ

ಮಾನಸಿಕ ಕಾಯಿಲೆಗೆ ನೀಡುವ ರಿಸ್ಪೆರಿಡೋನ್, ಶಿಲೀಂಧ್ರ ಸೋಂಕಿನ ಕೀಟೋಕೊನಜೋಲ್ ಮಾತ್ರೆ, ಮೂತ್ರವರ್ಧಕ ಸ್ಪೈರೊನೊಲ್ಯಾಕ್ಟೋನ್ ಮುಂತಾದವು ಸ್ತನದ ಬೆಳವಣಿಗೆಗೆ ಕಾರಣವಾಗಬಲ್ಲವು. ವೈದ್ಯರನ್ನು ಕೇಳದೆ ಇವನ್ನು ನಿಲ್ಲಿಸಬಾರದು. ಸ್ನಾಯು ಬೆಳೆಸುವ ಆಸೆಯಿಂದ ತೆಗೆದುಕೊಳ್ಳುವ ಅನಾಬಾಲಿಕ್ ಸ್ಟಿರಾಯ್ಡ್‌ಗಳೂ ಇದೇ ತೊಂದರೆ ತರುತ್ತವೆ. ಆದುದರಿಂದ ಜಿಮ್‌ಗೆ ಹೋಗುವ ಹುಡುಗ ಏನು ಸೇವಿಸುತ್ತಿದ್ದಾನೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು.

ಚಿಕಿತ್ಸೆ

ಬೇರೆ ಕಾಯಿಲೆ ಇಲ್ಲವೆಂದು ಖಚಿತವಾದರೆ ಮೊದಲ ಹೆಜ್ಜೆ ಕೆಲವು ತಿಂಗಳಿಗೊಮ್ಮೆ ತಪಾಸಣೆ ಮಾಡಿಸುತ್ತ ಕಾಯುವುದು. ನೋವು ತೀವ್ರವಾಗಿದ್ದರೆ ತಜ್ಞರು ಟಾಮೊಕ್ಸಿಫೆನ್‌ನಂತಹ ಮಾತ್ರೆಯನ್ನು ಕೆಲವೊಮ್ಮೆ ನೀಡುತ್ತಾರೆ. ಗ್ರಂಥಿ ಎಳೆಯದಾಗಿರುವಾಗ ಮಾತ್ರ ಅದರಿಂದ ಪ್ರಯೋಜನ. ವರ್ಷ ಕಳೆದ ಮೇಲೆ ಗ್ರಂಥಿಯಲ್ಲಿ ನಾರಿನ ಅಂಶ ತುಂಬಿಕೊಳ್ಳುವುದರಿಂದ ಔಷಧದ ಪರಿಣಾಮ ತೀರಾ ಕಡಿಮೆ.

ಆಗ ಉಳಿಯುವ ಮಾರ್ಗ ಶಸ್ತ್ರಚಿಕಿತ್ಸೆ. ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿನಲ್ಲಿ ಸಣ್ಣ ಗಾಯ ಮಾಡಿ ಗ್ರಂಥಿಯನ್ನು ತೆಗೆಯುತ್ತಾರೆ. ಕೊಬ್ಬಿದ್ದರೆ ಲೈಪೊಸಕ್ಷನ್ ವಿಧಾನದಿಂದ ಹೀರುತ್ತಾರೆ. ರಕ್ತ ಹೆಪ್ಪುಗಟ್ಟುವುದು, ತೊಟ್ಟಿನಲ್ಲಿ ಸ್ಪರ್ಶಜ್ಞಾನ ಕುಂದುವುದು, ಕಲೆ ಉಳಿಯುವುದು ಇದರ ಸಂಭಾವ್ಯ ತೊಡಕುಗಳು. ಪ್ರೌಢಾವಸ್ಥೆ ಮುಗಿಯುವ ಮುನ್ನವೇ ಆತುರಪಟ್ಟರೆ ಗ್ರಂಥಿ ಮತ್ತೆ ಬೆಳೆಯುವ ಸಾಧ್ಯತೆ ಇದೆ. ಜಾಹೀರಾತಿನ ಎಣ್ಣೆ, ಮುಲಾಮುಗಳಿಂದ ಗ್ರಂಥಿ ಕರಗುವುದಿಲ್ಲ. ಗಂಟನ್ನು ಪದೇಪದೇ ಹಿಸುಕುವುದರಿಂದ ನೋವು ಹೆಚ್ಚುತ್ತದೆ.

ಮನಸ್ಸಿನ ನೋವು

ಅಂಗಿ ಬಿಚ್ಚಬೇಕಾದೀತೆಂದು ಈಜು ಬಿಡುವುದು, ಆಟದ ತರಗತಿ ತಪ್ಪಿಸುವುದು, ಸೆಕೆಯಲ್ಲಿಯೂ ದಪ್ಪ ಬಟ್ಟೆ ತೊಡುವುದು, ಬೆನ್ನು ಬಾಗಿಸಿ ನಡೆಯುವುದು: ಇವು ಹುಡುಗ ಬಾಯಿಬಿಟ್ಟು ಹೇಳದ ಸಂಕಟದ ಗುರುತುಗಳು. ಪೋಷಕರು ಗೇಲಿ ಮಾಡದೆ, ಮಾಡಗೊಡದೆ, ಇದು ಅವನ ಗಂಡಸುತನದ ಕೊರತೆಯಲ್ಲವೆಂದು ತಿಳಿಹೇಳಬೇಕು. ದೇಹದಲ್ಲಿ ಅಪಾಯದ ಲಕ್ಷಣ ಒಂದೂ ಇಲ್ಲದಿದ್ದರೂ ಹುಡುಗ ಶಾಲೆಗೆ, ಗೆಳೆಯರಿಗೆ ಬೆನ್ನು ತಿರುಗಿಸುತ್ತಿದ್ದರೆ ವೈದ್ಯರನ್ನು ಕಾಣಲು ಅದೊಂದೇ ಕಾರಣ ಸಾಕು.