ಕಿಟೆಲ್ ನಿಘಂಟು, 1894

ಕಾಗದದ ಮೇಲೆ ಅಚ್ಚುಮೊಳೆಯ ಮುದ್ರಣ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ಕೋಶ.

ಜರ್ಮನಿಯ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಧರ್ಮಪ್ರಚಾರಕ್ಕೆಂದು ಕನ್ನಡ ನಾಡಿಗೆ ಬಂದಾಗ ಅವರಿಗೆ 21 ವರ್ಷ. ಊರೂರು ನಡೆದು, ಜನರೊಡನೆ ಮಾತಾಡುತ್ತಲೇ ಭಾಷೆ ಕಲಿತರು. ಪಂಡಿತರ ಹಳಗನ್ನಡದಷ್ಟೇ ಅಕ್ಕರೆಯಿಂದ ಮನೆಮಾತನ್ನೂ ಗಾದೆಗಳನ್ನೂ ಬರೆದಿಟ್ಟುಕೊಂಡರು. ಪರದೇಶದ ಹುಡುಗನೊಬ್ಬ ನಮ್ಮ ಮಾತಿಗೆ ಕೊಟ್ಟ ಈ ಗೌರವ ದೊಡ್ಡದು.

ಪುಟಗಳಲ್ಲಿ ‘ಎಸ್. ಎಂಎಚ್‌ಆರ್.’ ಎಂಬ ಇಂಗ್ಲಿಷ್ ಗುರುತು ಹುಡುಕಿ. ಅದು ದಕ್ಷಿಣ ಮರಾಠಾ ಸೀಮೆಯ ಬಳಕೆಯ ಸೂಚನೆ. ಕೊಲ್ಲಾಪುರ ಸಂಸ್ಥಾನವೂ ಆಗ ಆ ಸೀಮೆಯದೇ. ಮೈಸೂರಿನ ಪದಗಳಿಗೆ ‘ಎಂವೈ.’ ಎಂಬ ಬೇರೆ ಗುರುತಿದೆ.