ಕೇಳಿದಾಗ ಹುಟ್ಟುವ ಪುಟ

1996ರಲ್ಲಿ ಮುಂಬಯಿಯಲ್ಲಿ ಶುರುವಾದ ಜಸ್ಟ್‌ಡಯಲ್, ಅಂಗಡಿ-ವೈದ್ಯರ ವಿಳಾಸಗಳನ್ನು ಫೋನಿನಲ್ಲಿ ಹೇಳುತ್ತಿತ್ತು. ಜಾಲತಾಣ ಬಂದದ್ದು 2007ರಲ್ಲಿ. ಅಷ್ಟರೊಳಗೆ ಬೇಕಾದ ಸಲಕರಣೆಗಳು ಸಿದ್ಧವಾಗಿದ್ದವು. ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಮಾದರಿಯನ್ನು ಎಡ್ಗರ್ ಕಾಡ್ 1970ರಲ್ಲೇ ಮುಂದಿಟ್ಟಿದ್ದರು. 1995ರಲ್ಲಿ ಪಿಎಚ್‌ಪಿ, ಮೈಎಸ್‌ಕ್ಯುಎಲ್ ಎರಡೂ ಬಂದವು. ಊರಿಗೊಂದು ಪುಟ ಬರೆಯಬೇಕಿರಲಿಲ್ಲ. ಒಂದೇ ಅಚ್ಚು, ಕೇಳಿದಾಗ ಕೋಷ್ಟಕದ ಸಾಲುಗಳು ಅದರೊಳಗೆ ಬಂದು ಕೂರುತ್ತವೆ.

ಕಲ್ಯಾಣ ದಾಟಿದರೆ ಸಿಗುವ ಶಹಾಡ್ ನಿಲ್ದಾಣಕ್ಕೆ ಉಲ್ಲಾಸನಗರ ತಾಗಿಕೊಂಡೇ ಇದೆ. ಅಲ್ಲಿನ ದರ್ಜಿಯ ಅಂಗಡಿ 'ಉಲ್ಲಾಸನಗರ' ಎಂದಷ್ಟೇ ದಾಖಲಾದರೆ, ಊರಿನ ಹೆಸರನ್ನು ಮಾತ್ರ ನೋಡುವ ಶಹಾಡ್ ಪುಟದಲ್ಲಿ ಅದು ಕಾಣದು. ಫೋನೆತ್ತಿದವರು 'ಪಕ್ಕದಲ್ಲೇ ಇದೆ' ಎನ್ನಬಹುದಿತ್ತು. ಕೋಷ್ಟಕಕ್ಕೆ ಪಕ್ಕದೂರನ್ನು ಯಾರಾದರೂ ಹೇಳಿಕೊಡಬೇಕು. ಇಲ್ಲವಾದರೆ ಗಿರಾಕಿ ಇನ್ನೊಂದು ಅಂಗಡಿಗೆ ಹೋಗುತ್ತಾನೆ. ಏಕೆಂದು ದರ್ಜಿಗೆ ತಿಳಿಯುವುದೇ ಇಲ್ಲ.