ಹಿಟ್ಟೇ ಪಾತ್ರೆಯಾಗಿದ್ದ ಕಾಲ

ಈಗ ಪೈ ಮಾಡುವವರಿಗೆ ತಟ್ಟೆ ಮೊದಲು, ಹಿಟ್ಟು ಆಮೇಲೆ. 9 ಇಂಚಿನ ದುಂಡು ತಟ್ಟೆಯೊಳಗೆ ಬೆಣ್ಣೆ ಬೆರೆಸಿದ ಮೈದಾ ಕಣಕವನ್ನು ಲಟ್ಟಿಸಿ ಹಾಸಬೇಕು, ಸೇಬನ್ನೋ ಸಿಹಿಗುಂಬಳವನ್ನೋ ಮಾಂಸವನ್ನೋ ಹೂರಣವಾಗಿ ತುಂಬಬೇಕು, ಓವನ್ನಿಗೆ ಇಡಬೇಕು. ಮಧ್ಯಯುಗದ ಇಂಗ್ಲೆಂಡಿನ ಬಾಣಸಿಗನ ಕೈಗೆ ಈ ತಟ್ಟೆ ಕೊಟ್ಟಿದ್ದರೆ ಇದು ಯಾತಕ್ಕೆ ಎಂದು ಕೇಳುತ್ತಿದ್ದ. ಅವನಿಗೆ ಕಣಕವೇ ಪಾತ್ರೆ.

ಎರಡನೇ ರಿಚರ್ಡ್ ದೊರೆಯ ಅರಮನೆಯ ಅಡುಗೆಯವರು 1390ರ ಸುಮಾರಿಗೆ ಒಟ್ಟುಮಾಡಿದ ‘ಫಾರ್ಮ್ ಆಫ್ ಕ್ಯೂರಿ’ಯಲ್ಲಿ ಈ ಹಿಟ್ಟಿನ ಪೆಟ್ಟಿಗೆಗೆ ‘ಕಾಫಿನ್’ ಎಂದೇ ಹೆಸರು. ಒರಟು ಹಿಟ್ಟಿಗೆ ಬಿಸಿನೀರು ಹಾಕಿ ಗಟ್ಟಿಯಾಗಿ ನಾದಿ, ಕೈಯಿಂದಲೇ ಸುತ್ತ ಗೋಡೆ ಎಬ್ಬಿಸಿ, ಒಳಗೆ ಮಾಂಸ ತುಂಬಿ, ಮೇಲೆ ಹಿಟ್ಟಿನದೇ ಮುಚ್ಚಳ ಅಂಟಿಸುತ್ತಿದ್ದರು. ಗೋಡೆ ಎಷ್ಟು ದಪ್ಪವಿರುತ್ತಿತ್ತೆಂದರೆ ಅದನ್ನು ರುಚಿಗಾಗಿ ಯಾರೂ ತಿನ್ನುತ್ತಿರಲಿಲ್ಲ. ಬೆಂದ ಮೇಲೆ ಮುಚ್ಚಳದ ತೂತಿನಿಂದ ಕರಗಿದ ಬೆಣ್ಣೆ ಹುಯ್ದು ಗಾಳಿಯಾಡದಂತೆ ಮಾಡಿದರೆ ಮಾಂಸ ದಿನಗಟ್ಟಲೆ ಕೆಡದೆ ನಿಲ್ಲುತ್ತಿತ್ತು. ಬೇಯಿಸುವ ಪಾತ್ರೆ, ಬಡಿಸುವ ಪಾತ್ರೆ, ದಾರಿಗೆ ಒಯ್ಯುವ ಬುತ್ತಿ ಎಲ್ಲವೂ ಅದೇ.

ಪಾತ್ರೆಯೇ ಹಿಟ್ಟಿನದಾದಾಗ ಆಕಾರಕ್ಕೇನು ಬರ? ರಾಬರ್ಟ್ ಮೇ ಎಂಬ ಬಾಣಸಿಗ ಸಿರಿವಂತರ ಮನೆಗಳಲ್ಲಿ ಜೀವಮಾನವಿಡೀ ದುಡಿದು 1660ರಲ್ಲಿ ‘ದಿ ಅಕಾಂಪ್ಲಿಶ್ಟ್ ಕುಕ್’ ಅಚ್ಚು ಹಾಕಿಸಿದ. ಅದರಲ್ಲಿ ಯಾವ ಪೈಗೆ ಯಾವ ಆಕಾರ ಎಂಬುದಕ್ಕೆ ಮರದಚ್ಚಿನ ಚಿತ್ರಗಳೇ ಇವೆ. ಮೀನಿನ ಪೈಗೆ ಮೀನಿನದೇ ರೂಪ, ಹುರುಪೆಯ ಗೆರೆಗಳ ಸಮೇತ. ಔತಣದ ಮೇಜಿಗೆ ಜೀವಂತ ಕಪ್ಪೆ ಮತ್ತು ಹಕ್ಕಿಗಳನ್ನು ಬಚ್ಚಿಟ್ಟ ಪೈ ಮಾಡುವ ಬಗೆಯನ್ನೂ ಆತ ಹೇಳಿಕೊಟ್ಟಿದ್ದಾನೆ. ಮುಚ್ಚಳ ತೆಗೆದೊಡನೆ ಅತಿಥಿಗಳು ಕಿರುಚಬೇಕು, ಅದೇ ಮೋಜು. ಅದಕ್ಕೂ ಮೊದಲು, 1626ರಲ್ಲಿ, ಬಕಿಂಗ್‌ಹ್ಯಾಮ್‌ನ ಡ್ಯೂಕ್ ಮೊದಲನೇ ಚಾರ್ಲ್ಸ್ ದೊರೆ ಮತ್ತು ರಾಣಿಗೆ ಕೊಟ್ಟ ಔತಣದಲ್ಲಿ ಪೈಯೊಳಗಿಂದ ಜೆಫ್ರಿ ಹಡ್ಸನ್ ಎಂಬ ಏಳು ವರ್ಷದ ಪುಟ್ಟ ಕುಳ್ಳ ಹುಡುಗ ಎದ್ದು ಬಂದಿದ್ದ. ದೊಡ್ಡವರ ಮನೆಯ ವಿನೋದದಲ್ಲಿ ಆ ಮಗುವಿನ ಪಾಡನ್ನು ಕೇಳಿದವರಾರು!

ಗಾತ್ರದ ಮಾತಿಗೆ ಬಂದರೆ ಯಾರ್ಕ್‌ಶೈರಿನ ಕ್ರಿಸ್ಮಸ್ ಪೈಯನ್ನು ಮೀರಿಸುವುದು ಕಷ್ಟ. ಹನ್ನಾ ಗ್ಲಾಸ್ ಎಂಬಾಕೆ 1747ರ ತನ್ನ ಅಡುಗೆ ಪುಸ್ತಕದಲ್ಲಿ ಅದರ ವಿಧಾನ ಕೊಟ್ಟಿದ್ದಾಳೆ. ಪಾರಿವಾಳ ಕೌಜುಗದ ಹೊಟ್ಟೆಯಲ್ಲಿ, ಕೌಜುಗ ಕೋಳಿಯೊಳಗೆ, ಕೋಳಿ ಹೆಬ್ಬಾತಿನೊಳಗೆ, ಹೆಬ್ಬಾತು ಟರ್ಕಿ ಕೋಳಿಯೊಳಗೆ; ಅಷ್ಟನ್ನೂ ಹೊರಲು ಒಂದು ಬುಷೆಲ್ ಹಿಟ್ಟು, ಅಂದರೆ ಸುಮಾರು 25 ಕಿಲೊ. ಈ ಪೈಗಳನ್ನು ಪೆಟ್ಟಿಗೆಯಲ್ಲಿಟ್ಟು ಲಂಡನ್ನಿಗೆ ಉಡುಗೊರೆಯಾಗಿ ಕಳಿಸುತ್ತಿದ್ದರಂತೆ. ಹಾಗಾಗಿ ಗೋಡೆಯನ್ನು ಭದ್ರವಾಗಿ ಕಟ್ಟಿ ಎಂದು ಆಕೆ ಎಚ್ಚರಿಸುತ್ತಾಳೆ. ಓದಿದರೆ ಅಡುಗೆಯವಳಿಗಿಂತ ಗಾರೆಯವರ ಮಾತಿನ ಹಾಗಿದೆ.

ಈ ಕೈಗೋಡೆಯ ಪದ್ಧತಿ ಪೂರ್ತಿ ಅಳಿದಿಲ್ಲ. ಇಂಗ್ಲೆಂಡಿನ ಮೆಲ್ಟನ್ ಮೋಬ್ರೆ ಪಟ್ಟಣದ ಹಂದಿಮಾಂಸದ ಪೈಗೆ ಹಂದಿ ಕೊಬ್ಬು ಮತ್ತು ಬಿಸಿನೀರಿನಲ್ಲಿ ಕಲಸಿದ ಕಣಕವನ್ನು ‘ಡಾಲಿ’ ಎಂಬ ಮರದ ಗುಂಡಿನ ಸುತ್ತ ಏರಿಸುತ್ತಾರೆ. ಗುಂಡನ್ನು ಎಳೆದುಕೊಂಡರೆ ಹಿಟ್ಟಿನ ಲೋಟ ತಾನೇ ನಿಲ್ಲುತ್ತದೆ. ಮಾಂಸ ತುಂಬಿ, ಯಾವ ಅಚ್ಚಿನ ಆಸರೆಯೂ ಇಲ್ಲದೆ ಬೇಯಿಸುವುದರಿಂದ ಅದರ ಪಕ್ಕೆಗಳು ಹೊರಕ್ಕೆ ಉಬ್ಬುತ್ತವೆ. ಬೆಂದ ಮೇಲೆ ಮಾಂಸ ಕುಗ್ಗಿ ಉಳಿದ ಸಂದಿಗೆ ಮೂಳೆಯ ರಸ ಹುಯ್ಯುತ್ತಾರೆ. ಆರಿದಾಗ ಅದು ಲೋಳೆಯಂತೆ ಗಟ್ಟಿಯಾಗುತ್ತದೆ. ಆ ಉಬ್ಬಿದ ಪಕ್ಕೆಯೇ ಅಸಲಿ ಮಾಲಿನ ಗುರುತು. 2009ರಿಂದ ಈ ಪೈಗೆ ಭೌಗೋಳಿಕ ಸೂಚಕದ ರಕ್ಷಣೆ ಇದೆ. ನಮ್ಮ ಕರ್ಜಿಕಾಯಿಯಂತೆ ಮಡಚಿ ಅಂಚು ಮುರಿಯುವ ಕಾರ್ನ್‌ವಾಲಿನ ಪ್ಯಾಸ್ಟಿಗೆ 2011ರಲ್ಲಿ ಅದೇ ರಕ್ಷಣೆ ಸಿಕ್ಕಿತು. ಅದಕ್ಕಂತೂ ಪಾತ್ರೆಯ ಗೊಡವೆಯೇ ಇಲ್ಲ.

ಹಾಗಾದರೆ ಪಾತ್ರೆ ಗೆದ್ದದ್ದು ಹೇಗೆ? ಹದಿನೆಂಟನೇ ಶತಮಾನದ ಹೊತ್ತಿಗೆ ಮಣ್ಣಿನ, ಲೋಹದ ತಟ್ಟೆಗಳು ಮನೆಮನೆಗೂ ಬಂದವು. ಗೋಡೆ ಹೊರುವ ಕೆಲಸ ತಟ್ಟೆಯ ಪಾಲಾಯಿತು, ಕಣಕ ತೆಳ್ಳಗೆ, ಬೆಣ್ಣೆಬೆಣ್ಣೆಯಾಗಿ, ತಿನ್ನುವಂಥದ್ದಾಯಿತು. ಅಷ್ಟರಲ್ಲಿ ಒಂದು ತಮಾಷೆ ನಡೆಯಿತು. 1790ರ ದಶಕದ ನಡುವಿನಲ್ಲೂ 1800ರ ಆಸುಪಾಸಿನಲ್ಲೂ ಬೆಳೆ ಕೈಕೊಟ್ಟು ಇಂಗ್ಲೆಂಡಿನಲ್ಲಿ ಗೋಧಿ ಬೆಲೆ ಗಗನಕ್ಕೇರಿತು. ಪೈಯ ಹೊರಗೋಡೆಗೆ ಹಿಟ್ಟು ಸುರಿಯುವುದು ಶ್ರೀಮಂತರಿಗೂ ಮುಜುಗರವಾಯಿತು. ವೆಜ್‌ವುಡ್ ಕಾರ್ಖಾನೆ ಕಂದುಹಳದಿ ಮಣ್ಣಿನಲ್ಲಿ ಥೇಟ್ ಬೆಂದ ಕಣಕದಂತೆ ಕಾಣುವ ಮುಚ್ಚಳದ ಪಾತ್ರೆ ತಯಾರಿಸಿತು: ಮೈಮೇಲೆ ಬಳ್ಳಿ, ಎಲೆ, ಮುಚ್ಚಳದ ಹಿಡಿಯಾಗಿ ಮೊಲ. ಹಿಟ್ಟು ಪಾತ್ರೆಯ ವೇಷ ಹಾಕಿದ್ದ ಕಾಲ ಮುಗಿದು ಪಾತ್ರೆಯೇ ಹಿಟ್ಟಿನ ವೇಷ ಹಾಕಿತು.

ಅಟ್ಲಾಂಟಿಕ್ ದಾಟಿದ ಪೈ ಅಗಲವಾಯಿತು, ತೆಳುವಾಯಿತು. ಪೆನ್ಸಿಲ್ವೇನಿಯಾದ ಜರ್ಮನ್ ಮೂಲದ ಕುಂಬಾರರು ಕೆಂಪು ಮಣ್ಣಿನ ತಟ್ಟೆಗಳನ್ನು ತಟ್ಟಿ, ಒಳಮೈಗೆ ಮಾತ್ರ ಸೀಸದ ಮೆರುಗು ಕೊಟ್ಟು, ಹಳದಿ ಮಣ್ಣಿನ ನೀರಿನಿಂದ ಅಲೆಗೆರೆ ಎಳೆಯುತ್ತಿದ್ದರು. ಅಂಚಿಗೆ ಹಲ್ಲುಚಕ್ರ ಉರುಳಿಸಿ ಕಚ್ಚು ಮೂಡಿಸುತ್ತಿದ್ದರು. ನೋಡಲು ಬಲು ಚೆಂದ. ಹುಳಿ ಹಣ್ಣಿನ ರಸಕ್ಕೆ ಸೀಸ ಬಿಟ್ಟುಕೊಳ್ಳುವ ಅಪಾಯ ಮಾತ್ರ ಅದರಲ್ಲೇ ಅಡಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ತಗಡಿನ ತಟ್ಟೆಯ ಸರದಿ: ಅಗ್ಗ, ಹಗುರ, ಒಡೆಯುವುದಿಲ್ಲ. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ 1871ರಲ್ಲಿ ಶುರುವಾದ ಫ್ರಿಸ್ಬಿ ಪೈ ಕಂಪನಿಯ ಖಾಲಿ ತಟ್ಟೆಗಳನ್ನು ಯೇಲ್ ವಿಶ್ವವಿದ್ಯಾಲಯದ ಹುಡುಗರು ಗಾಳಿಯಲ್ಲಿ ಬೀಸಿ ಆಡುತ್ತಿದ್ದರೆಂದು ಪ್ರತೀತಿ. 1957ರಲ್ಲಿ ವ್ಹಾಮ್-ಓ ಕಂಪನಿ ತನ್ನ ಪ್ಲಾಸ್ಟಿಕ್ ಬಿಲ್ಲೆಗೆ ಇಟ್ಟ ‘ಫ್ರಿಸ್ಬೀ’ ಹೆಸರು ಅಲ್ಲಿಂದಲೇ ಬಂದದ್ದು.

ಗಾಜಿನ ತಟ್ಟೆಯ ಕಥೆ ಶುರುವಾದದ್ದು ಒಂದು ಒಡೆದ ಪಾತ್ರೆಯಿಂದ. ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಗಾಜಿನ ಕಾರ್ಖಾನೆಯ ವಿಜ್ಞಾನಿ ಜೆಸ್ಸಿ ಲಿಟಲ್ಟನ್ ಅವರ ಹೆಂಡತಿ ಬೆಸ್ಸಿಯ ಮಣ್ಣಿನ ಪಾತ್ರೆ ಓವನ್ನಿನಲ್ಲಿ ಬಿರುಕುಬಿಟ್ಟಿತ್ತು. ಕಾರ್ಖಾನೆಯ ಗಟ್ಟಿ ಗಾಜು ತಂದುಕೊಡಿ ಎಂದು ಆಕೆ ಗಂಡನಿಗೆ ಹೇಳಿದಳು. 1913ರಲ್ಲಿ ಆತ ಬ್ಯಾಟರಿ ಜಾಡಿಯ ಬುಡವನ್ನು ಕತ್ತರಿಸಿ ತಂದ. ಆಕೆ ಅದರಲ್ಲಿ ಕೇಕ್ ಬೇಯಿಸಿದಳು. ಕೇಕ್ ಸಮನಾಗಿ ಬೆಂದಿತ್ತು, ಗಾಜಿಗೆ ಅಂಟಿರಲಿಲ್ಲ. 1915ರಲ್ಲಿ ಪೈರೆಕ್ಸ್ ಅಂಗಡಿಗೆ ಬಂದಾಗ ಮೊದಲ ಸರಕುಗಳಲ್ಲಿ ಪೈ ತಟ್ಟೆಯೂ ಇತ್ತು. ಅಡಿಯ ಕಣಕ ಕೆಂಪಾಯಿತೇ ಎಂದು ತಟ್ಟೆ ಎತ್ತಿ ನೋಡಿದರಾಯಿತು. ಅಲ್ಲಿಯವರೆಗೆ ಅದು ಅಂದಾಜಿನ ವಿದ್ಯೆಯಾಗಿತ್ತು.

ಗಾತ್ರದ ಹುಚ್ಚಿಗೆ ತೆತ್ತ ಬೆಲೆ ನೋಡಬೇಕಾದರೆ ಯಾರ್ಕ್‌ಶೈರಿನ ಡೆನ್ಬಿ ಡೇಲ್ ಹಳ್ಳಿಗೆ ಹೋಗಬೇಕು. ಮೂರನೇ ಜಾರ್ಜ್ ದೊರೆ ಕಾಯಿಲೆಯಿಂದ ಎದ್ದ ಸಂತೋಷಕ್ಕೆ 1788ರಲ್ಲಿ ಊರಿಗೇ ಒಂದು ಪೈ ಮಾಡಿದ್ದು ಅಲ್ಲಿ ಸಂಪ್ರದಾಯವಾಗಿ ಬೆಳೆಯಿತು. 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವಕ್ಕೆ ಮಾಡಿದ ದೈತ್ಯ ಪೈಯ ಮಾಂಸ ಒಳಗೊಳಗೇ ಕೊಳೆತು, ಕತ್ತರಿಸಿದೊಡನೆ ನಾತಕ್ಕೆ ಜನ ಓಡಿದರು. ಅದನ್ನು ಸುಟ್ಟ ಸುಣ್ಣ ಹಾಕಿ ಹೂಳಬೇಕಾಯಿತು. ಕೆಲವೇ ದಿನಗಳಲ್ಲಿ ಊರಿನವರು ಇನ್ನೊಂದು ಪೈ ಮಾಡಿ ಮಾನ ಉಳಿಸಿಕೊಂಡರು.

ಮನೆಯ ಪೈಗೂ ಅದೇ ಲೆಕ್ಕ, ಅಪಾಯ ಮಾತ್ರ ಸಣ್ಣದು. ಆಳ ಹೆಚ್ಚಿದಷ್ಟೂ ನಡುವಿಗೆ ಬಿಸಿ ತಲುಪುವುದು ತಡ. ಅಗಲವೂ ಮೋಸ ಮಾಡುತ್ತದೆ: 8 ಇಂಚಿನ ದುಂಡು ತಟ್ಟೆಯ ಹರವು ಸುಮಾರು 50 ಚದರ ಇಂಚು, 9 ಇಂಚಿನದು ಸುಮಾರು 64. 8 ಇಂಚಿನ ಚೌಕ ತಟ್ಟೆಯದೂ 64. ಆದ್ದರಿಂದ ಅಮೆರಿಕದ 9 ಇಂಚಿನ ಪಾಕವಿಧಾನವನ್ನು ಬೆಂಗಳೂರಿನ ಓಟಿಜಿಯಲ್ಲಿ ಮಾಡಹೊರಟವರ ಬಳಿ 8 ಇಂಚಿನ ಚೌಕ ಟಿನ್ ಇದ್ದರೆ ಅಳತೆ ಬದಲಿಸುವುದು ಬೇಡ, ಆಳ ಒಂದೇ ಇದ್ದರೆ ಸಾಕು. 8 ಇಂಚಿನ ದುಂಡು ತಟ್ಟೆಗೆ ಐದರಲ್ಲೊಂದು ಪಾಲು ಕಡಿಮೆ ಮಾಡಿ. 7 ಇಂಚಿನದಕ್ಕೆ ಐದರಲ್ಲಿ ಮೂರು ಪಾಲು ಸಾಕು. ಅಳೆಯುವಾಗ ತಳವನ್ನಲ್ಲ, ಬಾಯಿಯನ್ನು ಒಳಅಂಚಿನಿಂದ ಒಳಅಂಚಿಗೆ ಅಳೆಯಿರಿ, ಹಣ್ಣಿನ ಪೈ ಆದರೆ ಕೆಳಗೊಂದು ಟ್ರೇ ಇಡಿ.